ಬಾಡಿಗೆ ವಿಳಾಸ

ಕಳೆದ ವರ್ಷ ಬೆಂಗಳೂರಿನ ಮನೆ ಖಾಲಿ ಮಾಡಿ ಕಳ್ಳಂಬೆಳ್ಳದ ಹಳೆಯ ಮನೆಗೆ ಬಂದು ಸೇರಿದಾಗ ಮೊದಲು ಮಾಡಿಸಿದ್ದು ಎರಡು ಕೆಲಸ. ಸೋರುವ ಹೆಂಚು ಸರಿಮಾಡಿಸಿದ್ದು, ಇಂಟರ್‌ನೆಟ್ ಹಾಕಿಸಿದ್ದು. ಶಿರಾಕ್ಕೂ ತುಮಕೂರಿಗೂ ನಡುವೆ ಹೆದ್ದಾರಿಯ ಮಗ್ಗುಲಲ್ಲೇ ಇರುವ ಊರು ನಮ್ಮದು, ಫೈಬರ್ ಬರುವುದಕ್ಕೆ ತಡವಾಗಲಿಲ್ಲ. ತಂತಿ ಎಳೆಯಲು ಬಂದ ಹುಡುಗ ಫೋನಿನಲ್ಲಿ ಅರ್ಜಿ ತುಂಬುತ್ತ, "ಸಾರ್, ಮೇಲ್ ಐಡಿ ಹೇಳಿ" ಅಂದ. ಹೇಳಿದೆ. "ಇದ್ಯಾವ್ದು ಸಾರ್? ಜಿಮೇಲ್ ಇಲ್ವಾ?" ಅಂತ ಮುಖ ನೋಡಿದ.

ಆ ಹುಡುಗ ಹುಟ್ಟುವ ಮೊದಲೇ, 2001ರಲ್ಲಿ ಪಡೆದ ವಿಳಾಸ ಅದು. ಆಗ ಬೆಂಗಳೂರಿನಲ್ಲಿ ಇಂಟರ್‌ನೆಟ್ ಕೊಟ್ಟ ಕಂಪನಿಯೇ ಜೊತೆಗೆ ಒಂದು ಮಿಂಚಂಚೆ ವಿಳಾಸವನ್ನೂ ಕೊಟ್ಟಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಊರಿಗೆ ಬರುವಾಗ ಅವರ ಸಂಪರ್ಕ ಕಡಿತಗೊಳಿಸಲು ಬರೆದಿದ್ದೆ. ಉತ್ತರದಲ್ಲಿ ಒಂದು ಸಾಲು ಇತ್ತು: ಮೂವತ್ತು ದಿನಗಳ ನಂತರ ವಿಳಾಸವೂ ಅದರಲ್ಲಿರುವ ಅಂಚೆಯೂ ಇರುವುದಿಲ್ಲ. ಆ ಸಾಲು ಓದುವವರೆಗೂ ಅದು ನನ್ನ ವಿಳಾಸ ಅಂದುಕೊಂಡಿದ್ದೆ. ಪುಸ್ತಕದ ಬೆನ್ನುಪುಟದಲ್ಲಿ ಅಚ್ಚಾಗಿದೆ, ಬ್ಯಾಂಕಿನಲ್ಲಿದೆ, ಪಾಸ್‌ಪೋರ್ಟ್ ಅರ್ಜಿಯಲ್ಲಿದೆ.

ಕಾಗದದ ಅಂಚೆಯಲ್ಲಿ ಈ ಕಷ್ಟ ಇರಲಿಲ್ಲ. ಮನೆ ಬದಲಿಸಿದರೆ ಅಂಚೆ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಸಾಕು, ಹಳೆಯ ವಿಳಾಸ ಹೊಡೆದುಹಾಕಿ ಹೊಸದು ಬರೆದು ಕಾಗದವನ್ನು ಮುಂದಕ್ಕೆ ಕಳಿಸುತ್ತಿದ್ದರು. ಮೊಬೈಲ್ ನಂಬರಿಗೂ ಆ ಹಕ್ಕು ಬಂದಿದೆ. 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ರಿಂದ ದೇಶದ ತುಂಬ, ಕಂಪನಿ ಬಿಟ್ಟರೂ ನಂಬರ್ ಉಳಿಸಿಕೊಳ್ಳಬಹುದು. ಮಿಂಚಂಚೆಗೆ ಮಾತ್ರ ಅಂಥ ಕಾನೂನು ನಮ್ಮಲ್ಲಿಲ್ಲ.

ಯಾಕೆ ಹೀಗಾಯಿತು ಎಂಬುದು ವಿಳಾಸದ ಬಾಲದಲ್ಲೇ ಇದೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಮೊದಲು ನಾಲ್ಕು ಮಹಾನಗರ, ಬೆನ್ನಿಗೇ ಬೆಂಗಳೂರು. ಆಗಿನ ಬೆಂಗಳೂರಿನವರ ವಿಳಾಸಗಳು 'ಗಿಯಾಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್' ಎಂದು ಮುಗಿಯುತ್ತಿದ್ದವು. ಗಿಯಾಸ್ ಎಂಬುದು ಸೇವೆಯ ಹೆಸರಿನ ಮೊದಲಕ್ಷರಗಳು, ಬಿಜಿ ಎಂದರೆ ಬೆಂಗಳೂರು. ಇಂಥವರು, ಇಂಥ ಊರಿನ, ಇಂಥ ಯಂತ್ರ. ಹಳ್ಳಿಯ ಕಾಗದದ ಮೇಲೆ 'ಕಳ್ಳಂಬೆಳ್ಳ ಹೋಬಳಿ, ಶಿರಾ ತಾಲ್ಲೂಕು' ಅಂತ ಬರೆದ ಹಾಗೆಯೇ. ತಂತಿ ಯಾರದೋ ವಿಳಾಸವೂ ಅವರದೇ. 1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆರೆದ ಮೇಲೆ ಹೆಸರುಗಳು ಹೆಚ್ಚಾದವು, ಪದ್ಧತಿ ಬದಲಾಗಲಿಲ್ಲ. 2000ದ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಆಯಿತು. ಅದರ ಗ್ರಾಹಕರ ವಿಳಾಸಗಳ ಬಾಲದಲ್ಲಿ ಮೊದಲು 'ಸಂಚಾರ್‌ನೆಟ್' ಇತ್ತು, 2005ರಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ 'ಡಾಟಾಒನ್' ಬಂತು, ಆಮೇಲೆ 'ಬಿಎಸ್‌ಎನ್‌ಎಲ್ ಡಾಟ್ ಇನ್'. ಆ ಕಾಲದ ಕನ್ನಡ ಪುಸ್ತಕಗಳ ಒಳಪುಟದಲ್ಲಿ ಲೇಖಕರ ವಿಳಾಸ ನೋಡಿದರೆ ಪುಸ್ತಕ ಯಾವ ವರ್ಷದ್ದೆಂದು ಅಂದಾಜು ಮಾಡಬಹುದು, ನಾಣ್ಯ ನೋಡಿ ರಾಜನ ಕಾಲ ಹೇಳಿದಂತೆ.

ತಂತಿಗೂ ವಿಳಾಸಕ್ಕೂ ಇದ್ದ ಈ ಗಂಟನ್ನು ಬಿಚ್ಚಿದವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಬೆಳೆದವನು. ಸಬೀರ್ ಭಾಟಿಯಾ ಓದಿದ್ದು ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ, ಆಮೇಲೆ ಅಮೆರಿಕ. ಅಲ್ಲಿ ಕಚೇರಿಯ ಜಾಲದ ಕಾವಲಿನಿಂದಾಗಿ ಅವನಿಗೂ ಗೆಳೆಯ ಜ್ಯಾಕ್ ಸ್ಮಿತ್‌ಗೂ ತಮ್ಮ ಸ್ವಂತದ ಅಂಚೆ ನೋಡಲು ಆಗುತ್ತಿರಲಿಲ್ಲ. ಅಂಚೆಯನ್ನು ವೆಬ್ ಪುಟದಲ್ಲೇ ಇಟ್ಟರೆ ಯಾವ ಕಂಪ್ಯೂಟರಿನಿಂದಲಾದರೂ ನೋಡಬಹುದಲ್ಲ ಎಂದುಕೊಂಡರು. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಯಿತು. ಮುಂದಿನ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಭಾಟಿಯಾ ಎಷ್ಟು ಕೋಟಿಗೆ ಮಾರಿದ ಎಂದು ಮಾತಾಡಿದಷ್ಟು, ಯಾರದೋ ತಂತಿಯಿಂದ ವಿಳಾಸ ಬಿಡಿಸಿಕೊಂಡದ್ದರ ಬಗ್ಗೆ ನಾವು ಮಾತಾಡಲಿಲ್ಲ. ಬಸ್ ನಿಲ್ದಾಣದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತ ಹುಡುಗರಿಗೆ ವಿಳಾಸ ಸಿಕ್ಕಿದ್ದು ಅದರಿಂದಲೇ. ಅವರ ಮನೆಯಲ್ಲಿ ಫೋನೂ ಇರಲಿಲ್ಲ.

2004ರ ಏಪ್ರಿಲ್ 1ರಂದು ಗೂಗಲ್ ಒಂದು ಗಿಗಾಬೈಟ್ ಜಾಗ ಕೊಡುತ್ತೇನೆ ಅಂದಾಗ ತಮಾಷೆ ಇರಬೇಕೆಂದು ಜನ ನಂಬಲಿಲ್ಲ. ಹಾಟ್‌ಮೇಲ್ ಆಗ ಕೊಡುತ್ತಿದ್ದದ್ದು ಎರಡು ಮೆಗಾಬೈಟ್. ಆದರೆ ಜಿಮೇಲಿನ ಯಂತ್ರ ಕಾಗದ ಓದಿ ಪಕ್ಕದಲ್ಲಿ ಜಾಹೀರಾತು ತೋರಿಸುತ್ತಿತ್ತು. ಹಾಗೆ ಓದುವುದನ್ನು ನಿಲ್ಲಿಸುತ್ತೇವೆಂದು ಗೂಗಲ್ ಹೇಳಿದ್ದು 2017ರಲ್ಲಿ. ನಮಗೆ ಇದು ಹೊಸದಲ್ಲ ಬಿಡಿ. 1672ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಮಾಡಿದಾಗ ಅಂಚೆಯವರು ಸುದ್ದಿ ಮುಟ್ಟಿಸುವುದರ ಜೊತೆಗೆ ದೊರೆಗೆ ಗುಟ್ಟನ್ನೂ ಮುಟ್ಟಿಸುತ್ತಿದ್ದರು ಎಂದು ವಿಲ್ಕ್ಸ್ ಬರೆದಿದ್ದಾನೆ. (ನಮ್ಮ ಸೀಮೆ ಆಗ ಮೈಸೂರಿನದಾಗಿರಲಿಲ್ಲ. 1687ರಲ್ಲಿ ಶಿರಾ ಮೊಘಲರ ಸುಬಾ ಆಯಿತು.) ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ದಮಯಂತಿಗೆ ನಳನ ಸುದ್ದಿ ತಂದ ಹಂಸ ಮಾತ್ರ ಯಾರಿಗೂ ವರದಿ ಕೊಡಲಿಲ್ಲವೆಂದು ಕಾಣುತ್ತದೆ.

ಮೂವತ್ತು ದಿನಗಳಲ್ಲಿ ನಾನು ಉಳಿಸಿಕೊಳ್ಳಬೇಕಾಗಿದ್ದದ್ದು ವಿಳಾಸಕ್ಕಿಂತ ಹೆಚ್ಚಾಗಿ ಒಬ್ಬರ ಕಾಗದಗಳನ್ನು. ನಮ್ಮೂರಿನ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ಮಧುಗಿರಿಯಲ್ಲಿ ನೆಲೆಸಿದ್ದರು. ಅರವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ನನಗೆ ಬರೆಯುತ್ತಿದ್ದರು. ಮೊದಮೊದಲು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ. ಆಮೇಲೆ "ಕನ್ನಡ ಮೇಷ್ಟ್ರಾಗಿ ಹಿಂಗೆ ಬರೆಯೋಕೆ ನಾಚಿಕೆ ಆಗುತ್ತಪ್ಪಾ" ಎಂದು ನುಡಿಯಲ್ಲಿ ಟೈಪ್ ಮಾಡಿ ಕಡತವನ್ನು ಲಗತ್ತಿಸಿ ಕಳಿಸತೊಡಗಿದರು. ನುಡಿ, ಬರಹಗಳ ಆ ಕಾಲದ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕಾಗದ ಟೋಪಿ ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇತ್ತು. ಮಧುಗಿರಿಯ ಮೇಜಿನ ಮೇಲಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಮೊದಲ ಐದು ವರ್ಷದ ಕಾಗದಗಳು ಆಗಲೇ ಹೋಗಿವೆ. ಕಂಪನಿ ಕೊಟ್ಟಿದ್ದ ಪೆಟ್ಟಿಗೆ ಚಿಕ್ಕದು, ಹಾಗಾಗಿ ಪಾಪ್ ಎಂಬ ಪದ್ಧತಿಯಲ್ಲಿ ಅಂಚೆಯನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು ಅಲ್ಲಿ ಅಳಿಸಿಬಿಡುತ್ತಿದ್ದೆ. 2006ರಲ್ಲಿ ಹಾರ್ಡ್ ಡಿಸ್ಕ್ ಸತ್ತಿತು. ಅಲ್ಲಿಂದಾಚೆಗೆ ಐಮ್ಯಾಪ್ ಬಂತು, ಪೆಟ್ಟಿಗೆಯೂ ದೊಡ್ಡದಾಯಿತು, ಕಾಗದಗಳು ಕಂಪನಿಯ ಯಂತ್ರದಲ್ಲೇ ಉಳಿದವು. ಮೇಷ್ಟ್ರು ತೀರಿಕೊಂಡಿದ್ದು 2011ರಲ್ಲಿ.

ಹೊಸ ವಿಳಾಸಕ್ಕೆ ಜಿಮೇಲ್ ಸುಲಭ ಅಂತ ಮಗಳು ಹೇಳಿದಳು. ನಿಜ. ಆದರೆ ಒಬ್ಬರ ಮನೆ ಬಿಟ್ಟು ಇನ್ನೊಬ್ಬರ ಮನೆಗೆ ಹೋದಂತೆ, ಮನೆ ದೊಡ್ಡದು ಅನ್ನುವುದೇ ವ್ಯತ್ಯಾಸ. ಎರಡು ವಾರ ಯೋಚಿಸಿ ನನ್ನ ಹೆಸರಿನ ಒಂದು ಡಾಟ್ ಇನ್ ಡೊಮೈನ್ ಕೊಂಡೆ. 2005ರಿಂದ ಅದು ಎಲ್ಲರಿಗೂ ಸುಲಭವಾಗಿ ಸಿಗುತ್ತಿದೆ. ಡೊಮೈನಿನ ದಾಖಲೆಯಲ್ಲಿ ಎಂಎಕ್ಸ್ ಎಂಬ ಸಾಲು ಇರುತ್ತದೆ. ಈ ಹೆಸರಿಗೆ ಬಂದ ಅಂಚೆಯನ್ನು ಯಾವ ಯಂತ್ರಕ್ಕೆ ಮುಟ್ಟಿಸಬೇಕೆಂದು ಅದು ಹೇಳುತ್ತದೆ. ಸದ್ಯ ಅಲ್ಲಿ ಚೆನ್ನೈನ ಜೋಹೋ ಹೆಸರಿದೆ. ನಾಳೆ ಬೇಡವಾದರೆ ಆ ಸಾಲು ಬದಲಿಸಿದರಾಯಿತು, ಬರೆಯುವವರಿಗೆ ಗೊತ್ತೂ ಆಗುವುದಿಲ್ಲ. ಹಾಗಂತ ಇದೂ ಸ್ವಂತದ್ದಲ್ಲ. ವರ್ಷ ವರ್ಷ ನವೀಕರಿಸಬೇಕು, ಮರೆತರೆ ಬೇರೆ ಯಾರಾದರೂ ಕೊಳ್ಳಬಹುದು. ಬಾಡಿಗೆಯೇ, ಕರಾರು ಮಾತ್ರ ಸ್ವಲ್ಪ ವಾಸಿ.

ಬ್ಯಾಂಕು, ವಿಮೆಗಳಲ್ಲಿ ವಿಳಾಸ ಬದಲಿಸಿದ ಪಾಡು ಬರೆಯಲು ಕೂತರೆ ಇನ್ನೊಂದು ಪ್ರಬಂಧವಾಗುತ್ತದೆ. ಹೊಸ ವಿಳಾಸ ಖಚಿತಪಡಿಸುವ ಗುಟ್ಟಿನ ಅಂಕಿ ಹಳೆಯ ವಿಳಾಸಕ್ಕೇ ಬರುತ್ತದೆ. ಹಾಗಾಗಿ ಹಳೆಯದು ಮುಚ್ಚುವ ಮೊದಲೇ ಇದನ್ನೆಲ್ಲ ಮುಗಿಸಬೇಕು. ಕಾಗದಗಳನ್ನು ಸಾಗಿಸಲು ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ, ಹೊಸ ಎರಡೂ ಪೆಟ್ಟಿಗೆ ತೆರೆದು ಒಂದರಿಂದ ಇನ್ನೊಂದಕ್ಕೆ ಎಳೆದು ಹಾಕಿದೆ. ಎರಡು ರಾತ್ರಿ ಹಿಡಿಯಿತು. ಒಂದು ಪ್ರತಿಯನ್ನು ಮನೆಯ ಡಿಸ್ಕಿನಲ್ಲೂ ಇಟ್ಟೆ, 2006 ಮರೆತಿಲ್ಲ.

ಇಪ್ಪತ್ತೆಂಟನೆಯ ದಿನ ಮೇಷ್ಟ್ರ ಕಡತಗಳನ್ನು ಒಂದೊಂದಾಗಿ ಯುನಿಕೋಡಿಗೆ ಪರಿವರ್ತಿಸುತ್ತ ಕೂತೆ. ಒತ್ತಕ್ಷರ ಅಲ್ಲಲ್ಲಿ ಜಾಗ ತಪ್ಪುತ್ತವೆ, ಕೈಯಲ್ಲೇ ತಿದ್ದಬೇಕು. 2009ರ ಒಂದು ಕಾಗದ ನಾನು ತೆರೆದೇ ಇರಲಿಲ್ಲ. ಆಗ ಫಾಂಟ್ ಇರಲಿಲ್ಲವೋ, ಪುರುಸೊತ್ತಿರಲಿಲ್ಲವೋ. ನಾಲ್ಕೇ ಸಾಲು. "ಊರಿಗೆ ಹೋಗಿದ್ಯೇನಪ್ಪಾ? ಮಳೆ ಚೆನ್ನಾಗಿ ಆಗಿದೆ ಅಂತಾರೆ. ಕೆರೆ ಕೋಡಿ ಬಿತ್ತಾ? ನೋಡಿ ಬರಿ, ನನಗೆ ಈಗ ಬಸ್ಸು ಹತ್ತೋಕೆ ಆಗಲ್ಲ."