ಮೀನನ್ನು ಕರೆಯುವ ಕೋಲು, ಮೀನಿದ್ದಲ್ಲಿಗೆ ಹೋಗುವ ರೀಲು

ಗಾಳ ಹಾಕಿ ಮೀನು ಹಿಡಿಯುವುದರ ಬಗ್ಗೆ ನಮ್ಮ ನಾಡಿನಲ್ಲಿ ಹುಟ್ಟಿದ ಹಳೆಯ, ವಿವರವಾದ ಬರಹವೊಂದಿದೆ. ಬರೆದವನು ಬೆಸ್ತನಲ್ಲ, ಅಂಬಿಗನಲ್ಲ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 1126ರಿಂದ 1138ರವರೆಗೆ ಆಳಿದ ಈತನ ‘ಮಾನಸೋಲ್ಲಾಸ’ ಸಂಸ್ಕೃತದಲ್ಲಿರುವ ದೊಡ್ಡ ವಿಶ್ವಕೋಶ. ಐದು ಭಾಗ, ಭಾಗಕ್ಕೆ ಇಪ್ಪತ್ತರಂತೆ ನೂರು ಅಧ್ಯಾಯ. ಅಡುಗೆ, ಆನೆ, ಔಷಧ, ಸಂಗೀತ, ಕುಸ್ತಿ ಎಲ್ಲವೂ ಅದರಲ್ಲಿವೆ. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಬರುವ ಒಂದು ಅಧ್ಯಾಯದ ಹೆಸರು ‘ಮತ್ಸ್ಯವಿನೋದ’. ಮೀನಿನ ಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ದೀರ್ಘ ಲೇಖನ ಬರೆದ ಮೇಲೆ ಪ್ರಾಣಿಶಾಸ್ತ್ರದವರಿಗೂ ಇದರ ಪರಿಚಯವಾಯಿತು.

ಆ ಕಾಲದಲ್ಲಿ ಇಂದಿನ ಸವದತ್ತಿಗೆ ಸುಗಂಧವರ್ತಿ ಎಂದು ಹೆಸರು. ಅಲ್ಲಿಂದ ಆಳುತ್ತಿದ್ದ ರಟ್ಟರು ಕಲ್ಯಾಣದ ಸಾಮಂತರು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟಿ, ಕಿತ್ತೂರು ಬೈಲಹೊಂಗಲದ ಸೀಮೆಯನ್ನು ಹಾದು, ಸವದತ್ತಿಯ ಬಳಿ ಗುಡ್ಡವನ್ನು ಸೀಳಿಕೊಂಡು, ರಾಮದುರ್ಗದ ಕಡೆಗೆ ಇಳಿದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ದಂಡೆಯ ಊರುಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯವಾದ್ದರಿಂದ ‘ಮತ್ಸ್ಯವಿನೋದ’ವನ್ನು ಓದಬೇಕಾಗಿ ಬಂತು. ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸರಳ ಪ್ರಶ್ನೆ: ದಡದಲ್ಲಿ ನಿಂತವನಿಗೂ ನೀರೊಳಗಿನ ಮೀನಿಗೂ ನಡುವೆ ಇರುವ ದೂರವನ್ನು ಯಾರು, ಹೇಗೆ ದಾಟುತ್ತಾರೆ?

ಸೋಮೇಶ್ವರನ ಉತ್ತರ: ಮೀನನ್ನೇ ಹತ್ತಿರಕ್ಕೆ ಕರೆಯುವುದು. ಅವನ ಅಧ್ಯಾಯ ಮೀನುಗಳನ್ನು ಸಮುದ್ರದವು, ನದಿಯವು ಎಂದು ವಿಂಗಡಿಸುತ್ತದೆ. ಹುರುಪೆ ಇರುವವು, ಇಲ್ಲದವು, ದೊಡ್ಡವು, ಸಣ್ಣವು ಎಂದು ಮತ್ತೆ ಒಡೆಯುತ್ತದೆ. ಯಾವ ಮೀನಿಗೆ ಯಾವ ಉಂಡೆ ರುಚಿ ಎಂದು ಹೇಳುತ್ತದೆ. ಹಿಟ್ಟು, ಅನ್ನ, ಎಳ್ಳು, ಮಾಂಸಗಳ ಉಂಡೆ ಕಟ್ಟಿ ನೀರಿಗೆ ಹಾಕಿ, ಮೀನುಗಳಿಗೆ ಆ ಜಾಗ ರೂಢಿಯಾಗುವಂತೆ ಮಾಡಿ, ಆಮೇಲೆ ಅಲ್ಲಿ ಗಾಳ ಇಳಿಸಬೇಕು. ಕೋಲು, ನೂಲು, ಗಾಳದ ಮುಳ್ಳು ಹೇಗಿರಬೇಕು, ಕಚ್ಚಿದ ಮೀನನ್ನು ಹೇಗೆ ಆಡಿಸಿ ದಣಿಸಬೇಕು ಎಂಬುದೂ ಇದೆ. ದೂರ ಎಸೆಯುವ ಮಾತು ಅಲ್ಲಿ ಮುಖ್ಯವಲ್ಲ. ಅರಸನಿಗೆ ಕಾಯಲು ಸಮಯವಿದೆ, ಉಂಡೆ ಕಟ್ಟಿ ದಿನವೂ ನೀರಿಗೆ ಹಾಕಲು ಆಳುಗಳಿದ್ದಾರೆ. ಮೀನೇ ಬರುತ್ತದೆ.

ಇಲ್ಲಿಯೇ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ವಿದ್ಯೆಯನ್ನು ದೊರೆಗೆ ಹೇಳಿಕೊಟ್ಟವರು ಯಾರು? ಯಾವ ಮೀನು ಯಾವ ಮಡುವಿನಲ್ಲಿ ನಿಲ್ಲುತ್ತದೆ, ಏನು ತಿನ್ನುತ್ತದೆ ಎಂಬುದು ಅರಮನೆಯಲ್ಲಿ ಹುಟ್ಟುವ ತಿಳಿವಳಿಕೆಯಲ್ಲ. ನೀರಿನ ಮೇಲೆ ಬದುಕಿದವರಿಂದಲೇ ಅದು ಬಂದಿರಬೇಕು. ಸವದತ್ತಿಯ ರಟ್ಟರ ಶಾಸನಗಳಲ್ಲಿ ಬಸದಿಗೆ ಬಿಟ್ಟ ಭೂಮಿ ಸಿಗುತ್ತದೆ, ದಾನ ಕೊಟ್ಟವನ ವಂಶಾವಳಿ ಸಿಗುತ್ತದೆ. ನಾನು ಓದಿದ ಮಟ್ಟಿಗೆ, ಬಲೆ ಬೀಸಿದವನ ಹೆಸರು ಸಿಕ್ಕಿಲ್ಲ. ಸೋಮೇಶ್ವರನ ಮುಂದಿನ ತಲೆಮಾರಿನಲ್ಲಿ, ಬಸವಣ್ಣನ ಕಾಲದಲ್ಲಿ, ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡು ಮಾತಾಡಿದ. ಆದರೆ ಅವನ ಮಾತು ಭಕ್ತಿಯದು, ಸಮಾಜದ್ದು. ಹುಟ್ಟು ಹಾಕುವ, ಗಾಳ ಕಟ್ಟುವ ಕೈಕೆಲಸದ ಕೈಪಿಡಿಯನ್ನು ಅವನೂ ಬರೆಯಲಿಲ್ಲ.

ದೂರ ದಾಟುವ ಎರಡನೆಯ ಉತ್ತರ ಬೇರೆ ಕಡೆಗಳಿಂದ ಬಂತು: ಮೀನಿದ್ದಲ್ಲಿಗೆ ಎರೆಯನ್ನೇ ಕಳಿಸುವುದು. ಅದಕ್ಕೆ ಉದ್ದ ನೂಲು ಬೇಕು, ಉದ್ದ ನೂಲನ್ನು ಸುತ್ತಿಡಲು ರೀಲು ಬೇಕು. ಚೀನಾದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಒಂಟಿ ದೋಣಿಯಲ್ಲಿ ಕುಳಿತವನ ಕೋಲಿಗೆ ಪುಟ್ಟ ರೀಲು ಕಾಣುತ್ತದೆ. ಸೋಮೇಶ್ವರ ತೀರಿಕೊಂಡು ಆಗ ಅರವತ್ತು ವರ್ಷವೂ ಆಗಿರಲಿಲ್ಲ. ಆದರೆ ಆ ರೀಲು ನೂಲನ್ನು ಇಟ್ಟುಕೊಳ್ಳಲು, ಬೇಕಾದಾಗ ಬಿಡಲು. ದೂರ ಎಸೆಯಲೆಂದೇ ಹದಗೊಂಡ ರೀಲು ಬರಲು ಇನ್ನೂ ಆರು ಶತಮಾನ ಕಾಯಬೇಕಾಯಿತು.

ಅದನ್ನು ಹದಗೊಳಿಸಿದವನು ಗಡಿಯಾರದ ಕೆಲಸಗಾರ. ಅಮೆರಿಕದ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಸಣ್ಣ ಊರಿನ ಜಾರ್ಜ್ ಸ್ನೈಡರ್ 19ನೇ ಶತಮಾನದ ಮೊದಲ ದಶಕಗಳಲ್ಲಿ ಹಲ್ಲುಚಕ್ರ ಕೂಡಿಸಿದ ರೀಲು ಮಾಡಿದ. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ನೂಲಿನ ಉರುಳೆ ಹಲವು ಸುತ್ತು ತಿರುಗುತ್ತದೆ. ಅಲ್ಲಿನ ಬಾಸ್ ಮೀನು ಬೇಟೆಗಾರ ಜಾತಿಯದು, ಜೊಂಡು ಮತ್ತು ಮುಳುಗಿದ ಮರಗಳ ಮರೆಯಲ್ಲಿ ಹೊಂಚು ಹಾಕುತ್ತದೆ. ಉಂಡೆ ಹಾಕಿ ಕರೆದರೆ ಬರುವ ಗಿರಾಕಿಯಲ್ಲ. ಅದರ ಬಾಯಿ ಮುಂದೆಯೇ ಸಣ್ಣ ಮೀನನ್ನೋ, ಮೀನಿನಂತೆ ಕಾಣುವ ಮರದ ತುಂಡನ್ನೋ ಇಳಿಸಬೇಕು. ಬೇಟ್‌ಕಾಸ್ಟಿಂಗ್ ರೀಲಿನ ಹುಟ್ಟಿಗೆ ಕಾರಣ ಈ ಸ್ವಭಾವ. 20ನೇ ಶತಮಾನದಲ್ಲಿ ಇಂಥ ರೀಲುಗಳಿಗೆ ಹೆಸರಾದ ಸ್ವೀಡನ್ನಿನ ಆಬು ಕಂಪನಿಯೂ ಹುಟ್ಟುವಾಗ ಗಡಿಯಾರದ ಕಾರ್ಖಾನೆಯೇ.

ಈ ರೀಲಿನಲ್ಲಿ ಎಸೆಯುವಾಗ ಉರುಳೆಯೇ ತಿರುಗಿ ನೂಲು ಬಿಡುತ್ತದೆ. ಎರೆಯ ಭಾರ ಗಾಳಿಯಲ್ಲಿ ಹಾರುತ್ತ ಉರುಳೆಯನ್ನು ಎಳೆದು ತಿರುಗಿಸುತ್ತದೆ. ತೊಡಕು ಇಲ್ಲಿಯೇ. ಎರೆಯ ವೇಗ ಕಡಿಮೆಯಾದರೂ ಉರುಳೆ ಅದೇ ರಭಸದಲ್ಲಿ ತಿರುಗುತ್ತಿದ್ದರೆ ನೂಲು ಮೇಲೆದ್ದು ಗೂಡು ಕಟ್ಟುತ್ತದೆ. ತಪ್ಪಿಸಲು ಹೆಬ್ಬೆರಳು ಉರುಳೆಯ ಮೇಲೆ ಹಗುರವಾಗಿ ಇರಬೇಕು, ಎರೆ ನೀರು ಮುಟ್ಟುವ ಕ್ಷಣಕ್ಕೆ ಒತ್ತಿ ನಿಲ್ಲಿಸಬೇಕು. ಈಗಿನ ರೀಲುಗಳಲ್ಲಿ ಅಯಸ್ಕಾಂತದ ಬ್ರೇಕು ಇದೆ, ಪಕ್ಕದಲ್ಲಿ ಬಿಗಿ ಮಾಡುವ ತಿರುಪು ಇದೆ. ಕೋಲಿನ ತುದಿಯಿಂದ ಎರೆ ಮೆಲ್ಲಗೆ ಇಳಿದು ನೆಲ ಮುಟ್ಟಿದಾಗ ಉರುಳೆ ತಾನೂ ನಿಲ್ಲಬೇಕು, ಅಷ್ಟು ಬಿಗಿ ಸಾಕು. ಆದರೂ ಕೊನೆಯ ಲೆಕ್ಕ ಹೆಬ್ಬೆರಳಿನದೇ. ಯಂತ್ರ ಎಷ್ಟೇ ಸುಧಾರಿಸಿದರೂ ಬೆರಳಿನ ಹದವನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ.

ಇನ್ನೊಂದು ಬಗೆಯ ರೀಲು ಮಗ್ಗದ ಲೋಕದಿಂದ ಬಂತು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆಯ ಗಿರಣಿಗಳ ಊರು. ಅಲ್ಲಿನ ಗಿರಣಿ ಮಾಲೀಕ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ 1905ರಲ್ಲಿ ಉರುಳೆ ತಿರುಗದೆ ನಿಂತೇ ಇರುವ ರೀಲಿಗೆ ಪೇಟೆಂಟ್ ಪಡೆದ. ನಿಂತ ಉರುಳೆಯ ತುದಿಯಿಂದ ನೂಲು ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ರಾಮದುರ್ಗದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಳಿಯೊಳಗಿನ ಕಂಡಿಕೆ ಬಿಚ್ಚಿಕೊಳ್ಳುವುದೂ ಹಾಗೆಯೇ: ಕಂಡಿಕೆ ನಿಂತಿರುತ್ತದೆ, ನೂಲು ಓಡುತ್ತದೆ. ಇಲ್ಲಿ ಗೂಡು ಕಟ್ಟುವ ಭಯ ಕಡಿಮೆ. ಅದಕ್ಕೇ ಹೊಸಬರಿಗೆ, ಏಳೆಂಟು ಗ್ರಾಮಿಗಿಂತ ಹಗುರವಾದ ಎರೆಗೆ ಈ ಸ್ಪಿನ್ನಿಂಗ್ ರೀಲು ಒಳ್ಳೆಯದು. ಭಾರದ ಎರೆ, ದಪ್ಪ ನೂಲು, ಜೊಂಡಿನ ನಡುವೆ ಗುರಿಯಿಟ್ಟು ಇಳಿಸುವ ಕೆಲಸ ಇದ್ದರೆ ಬೇಟ್‌ಕಾಸ್ಟಿಂಗ್. ಅದಕ್ಕೆ ಆರೂವರೆಯಿಂದ ಏಳು ಅಡಿಯ, ತುದಿ ಮಾತ್ರ ಬಾಗುವ ಗಟ್ಟಿ ಕೋಲು ಹೊಂದುತ್ತದೆ.

ಇಂಥ ಹತಾರಗಳ ಬಗ್ಗೆ ನಮ್ಮ ಕರಾವಳಿಯಲ್ಲಿ ಬರೆದವನು ಮತ್ತೊಬ್ಬ ಅಧಿಕಾರಸ್ಥ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕವನ್ನು 1873ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ. ಮಹಶೀರ್ ಮೀನನ್ನು ಹಿಡಿಯುವ ಬಗೆ, ಕೋಲು ನೂಲುಗಳ ಆಯ್ಕೆ ಅದರ ತಿರುಳು. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದರ ಮೇಲೆಯೇ ಇನ್ನೊಂದು ಪುಸ್ತಕ ಬರೆದ. ಮೀನು ಕಡಿಮೆಯಾಗುತ್ತಿದೆ ಎಂದು ಮೊದಲೇ ಎಚ್ಚರಿಸಿದವರಲ್ಲಿ ಅವನೂ ಒಬ್ಬ. ಅವನ ಕಣ್ಣಿಗೆ ಬಿದ್ದ ಕಾರಣಗಳಲ್ಲಿ ಮುಖ್ಯವಾದದ್ದು ಹಳ್ಳಿಗರ ಸಣ್ಣ ಕಣ್ಣಿನ ಬಲೆ. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದನ್ನು ತಡೆಯುವ ಭಾರತೀಯ ಮೀನುಗಾರಿಕೆ ಕಾಯಿದೆ 1897ರಲ್ಲಿ ಬಂತು. ಕಾಯಿದೆ ಬೇಕಿತ್ತು. ಆದರೆ ಆ ಕಾಲದ ಸರ್ಕಾರಿ ಬರಹಗಳಲ್ಲಿ ಕೋಲು ಹಿಡಿದ ಸಾಹೇಬ ಆಟಗಾರನಾಗುತ್ತಾನೆ, ಬಲೆ ಹಿಡಿದ ಬೆಸ್ತ ಸಮಸ್ಯೆಯಾಗುತ್ತಾನೆ. 1946ರಲ್ಲಿ ಮೈಸೂರು ಸೀಮೆಯಲ್ಲಿ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದದ್ದು ದಾಖಲೆಯ ಪುಸ್ತಕ ಸೇರಿತು. ಆ ಮಡುವಿನಲ್ಲಿ ಮೀನು ಎಲ್ಲಿ ನಿಲ್ಲುತ್ತದೆಂದು ಬಲ್ಲ ಸ್ಥಳೀಯರು ಯಾವ ಪುಸ್ತಕವನ್ನೂ ಸೇರಲಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ.

ಮತ್ತೆ ಮಲಪ್ರಭೆಗೆ ಬರೋಣ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಕಣಿವೆಗೆ ಅಣೆಕಟ್ಟು ಬಂತು. ಹಿಂದೆ ನಿಂತ ನೀರೇ ರೇಣುಕಾಸಾಗರ, ತುಂಬಿದರೆ 37.73 ಟಿಎಂಸಿ. ಹೊಲಗಳಿಗೆ ಕಾಲುವೆ ಬಂತು, ಊರುಗಳಿಗೆ ಕುಡಿಯುವ ನೀರು ಬಂತು. ಹರಿಯುವ ನದಿಯ ಮೀನಿನ ಜಾಗಕ್ಕೆ ನಿಂತ ನೀರಿನ ಮೀನು ಬಂತು: ಬಿತ್ತನೆ ಮಾಡಿದ ಕಟ್ಲಾ, ರೋಹು, ಜೊತೆಗೆ 1952ರಲ್ಲಿ ಭಾರತಕ್ಕೆ ಕಾಲಿಟ್ಟ ತಿಲಾಪಿಯಾ, ನಮ್ಮ ಬಾಯಲ್ಲಿ ಜಿಲೇಬಿ ಮೀನು. ದಡವೂ ಬದಲಾಯಿತು. ಮಳೆಗಾಲದಲ್ಲಿ ಹೊಲದ ಬದುವಿಗೆ ಬರುವ ನೀರು ಬೇಸಿಗೆಯಲ್ಲಿ ಕೆಸರಿನ ಬಯಲು ಬಿಟ್ಟು ಬಹಳ ದೂರ ಸರಿಯುತ್ತದೆ.

ಹಿನ್ನೀರಿನ ದಂಡೆಯಲ್ಲಿ ಹಿರಿಯರೊಬ್ಬರನ್ನು, ಬಿದಿರ ಗಳ ಬಿಟ್ಟು ಬಲೆಗೆ ಯಾವಾಗ ಹೋದಿರಿ ಕಾಕಾ ಎಂದು ಕೇಳಿದೆ. “ನೀರ ದೂರ ಹೋತು ತಮ್ಮಾ, ಗಳ ಇದ್ದಷ್ಟ ಉಳೀತು” ಎಂದರು. ನದಿ ಇದ್ದಾಗ ಮಡು ಕಾಲಬುಡದಲ್ಲೇ ಇತ್ತಂತೆ. ಎಂಟು ಹತ್ತು ಅಡಿಯ ಗಳ, ಅಷ್ಟೇ ಉದ್ದದ ನೂಲು, ಬೆಂಡು, ಎರೆಹುಳ ಸಾಕಾಗುತ್ತಿತ್ತು. ಹಿಂದಿನ ದಿನ ಸಂಜೆ ಹಿಟ್ಟಿನ ಉಂಡೆ ಹಾಕಿ ಬರುತ್ತಿದ್ದೆವು ಎಂದಾಗ ನನಗೆ ಸೋಮೇಶ್ವರನ ಅಧ್ಯಾಯ ನೆನಪಾಯಿತು. ಆ ಹೆಸರನ್ನು ಅವರು ಕೇಳಿರಲಿಲ್ಲ, ಕೇಳಬೇಕಾದ ಅಗತ್ಯವೂ ಇರಲಿಲ್ಲ.

ಅದೇ ದಂಡೆಗೆ ಈಗ ಭಾನುವಾರ ಬೈಕಿನಲ್ಲಿ ಹುಡುಗರು ಬರುತ್ತಾರೆ. ಹೆಚ್ಚಿನವರ ಕೈಯಲ್ಲಿ ಅಗ್ಗದ ಸ್ಪಿನ್ನಿಂಗ್ ರೀಲು, ಒಬ್ಬಿಬ್ಬರ ಬಳಿ ಬೇಟ್‌ಕಾಸ್ಟರ್. ಬಾಸ್ ನಮ್ಮ ನೀರಿನ ಮೀನಲ್ಲ. ಅವರು ಹುಡುಕುವುದು ಕೊರವ ಮೀನನ್ನು, ಅದೂ ಬಾಸ್‌ನಂತೆ ಕಳೆಯ ಮರೆಯಲ್ಲಿ ಹೊಂಚುವ ಬೇಟೆಗಾರ. ರಬ್ಬರಿನ ಕಪ್ಪೆಯನ್ನು ಕಳೆಯ ಮೇಲೆ ಎಸೆದು ಎಳೆಯುತ್ತಾರೆ. ವಿಡಿಯೊ ನೋಡಿ ಕಲಿತ ಅವರಿಗೆ ದೂರ ದಾಟುವುದು ಗೊತ್ತು. ಈ ನೀರಿನ ಕೆಳಗೆ ಹಳೆಯ ಮಡು ಎಲ್ಲಿತ್ತು, ಹಳ್ಳ ಎಲ್ಲಿ ಕೂಡುತ್ತಿತ್ತು ಎಂಬುದು ಗೊತ್ತಿಲ್ಲ. ಅದನ್ನು ಬಲ್ಲವರು ಹತ್ತು ಮಾರು ಆಚೆ ಬಲೆ ಬಿಡಿಸುತ್ತ ಕೂತಿರುತ್ತಾರೆ. ನಡುವೆ ಮಾತಿಲ್ಲ. ಹುಡುಗರ ಎಸೆತ ಬಲೆಗೆ ಸಿಕ್ಕಿಕೊಂಡಾಗ ಮಾತ್ರ ಮಾತು ಬರುತ್ತದೆ, ಅದು ಜಗಳದ ಮಾತು. ಒಬ್ಬರಿಗೆ ಅದು ಭಾನುವಾರದ ವಿನೋದ, ಇನ್ನೊಬ್ಬರಿಗೆ ಸೋಮವಾರದ ಸಂತೆ.

ನಮ್ಮ ನಾಡಿನ ಗಾಳದ ಚರಿತ್ರೆ ಎರಡು ಸಲ ಬರಹಕ್ಕೆ ಬಂದಿದೆ, ಒಮ್ಮೆ ದೊರೆಯಿಂದ ಸಂಸ್ಕೃತದಲ್ಲಿ, ಒಮ್ಮೆ ಕಲೆಕ್ಟರನಿಂದ ಇಂಗ್ಲಿಷಿನಲ್ಲಿ. ಇಬ್ಬರೂ ಚೆನ್ನಾಗಿ ನೋಡಿದವರು, ಇಬ್ಬರಿಗೂ ನಾವು ಋಣಿ. ಆದರೆ ಇಬ್ಬರೂ ತಮಗೆ ಕಲಿಸಿದವರ ಹೆಸರು ಉಳಿಸಲಿಲ್ಲ. ಮೂರನೆಯ ಬರಹ ಕನ್ನಡದಲ್ಲಿ, ಮಲಪ್ರಭೆಯ ದಂಡೆಯವರ ಬಾಯಿಂದಲೇ ಬರಬೇಕು. ಅಣೆಕಟ್ಟಿಗೆ ಮೊದಲಿನ ನದಿಯನ್ನು ಕಂಡವರಿಗೆ ಈಗ ಅರವತ್ತು ದಾಟಿದೆ. ಮುಳುಗಿದ ಮಡುಗಳ ಹೆಸರು, ಯಾವ ತಿಂಗಳು ಯಾವ ಎರೆ, ಗಳಕ್ಕೆ ಯಾವ ಬಿದಿರು, ನೂಲಿಗೆ ಏನು ಸವರುತ್ತಿದ್ದರು ಎಂಬುದನ್ನು ಊರೂರು ಸುತ್ತಿ ಪಟ್ಟಿ ಮಾಡತೊಡಗಿದ್ದೇನೆ. ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ಪಕ್ಕದಲ್ಲಿಯೇ ಬರೆದುಕೊಳ್ಳುತ್ತೇನೆ.