ಮನೆ ವಿನ್ಯಾಸದ ತಂತ್ರಾಂಶದಲ್ಲಿ ಒಂದೊಂದು ಕೋಣೆಗೆ ಒಂದೊಂದು ಚಾವಣಿ ಎತ್ತರ ಕೊಡಲು ಆಗುವುದಿಲ್ಲವೇ?

ಆಗುತ್ತದೆ. ಆದರೆ ನೀವು ಹುಡುಕುವ ಜಾಗದಲ್ಲಿ ಆ ಆಯ್ಕೆ ಇರುವುದಿಲ್ಲ, ಅಷ್ಟೆ. ಉಚಿತವಾಗಿ ಸಿಗುವ ‘ಸ್ವೀಟ್ ಹೋಮ್ 3ಡಿ’ಯನ್ನೇ ನಾವು ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ ಕೋಣೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಚಾವಣಿ ಕಾಣಬೇಕೇ, ಅದರ ಬಣ್ಣ ಯಾವುದು ಎಂದು ಕೇಳುತ್ತದೆ. ಎಷ್ಟು ಎತ್ತರ ಎಂದು ಕೇಳುವುದಿಲ್ಲ. ಒಂದೇ ಅಂತಸ್ತಿನ ನಕ್ಷೆಯಲ್ಲಿ ಚಾವಣಿಯು ಹತ್ತಿರದ ಗೋಡೆಯ ಎತ್ತರಕ್ಕೆ ಕೂರುತ್ತದೆ. ಹಾಗಾಗಿ ಆ ಕೋಣೆಯ ಗೋಡೆಗಳನ್ನು ಆಯ್ದು, ಅವುಗಳ ಎತ್ತರ ಬದಲಿಸಬೇಕು.

ತೊಡಕು ಇರುವುದು ಇಲ್ಲೇ. ಹಾಲ್‌ಗೂ ಬಚ್ಚಲುಮನೆಗೂ ನಡುವೆ ಒಂದೇ ಗೋಡೆ ಇದ್ದರೆ ಎರಡೂ ಅದನ್ನೇ ಅನುಸರಿಸಿ, ಯಾವುದಾದರೊಂದರ ಚಾವಣಿ ಓರೆಯಾಗುತ್ತದೆ. ತಂತ್ರಾಂಶ ಕೆಟ್ಟಿದೆ ಎಂದುಕೊಳ್ಳಬೇಡಿ. ತಗ್ಗಿನ ಕೋಣೆಯ ಕಡೆಗೆ, ಆ ಗೋಡೆಗೆ ಅಂಟಿದಂತೆ ಇನ್ನೊಂದು ತೆಳು ಗೋಡೆ ಎಳೆದು, ಕೋಣೆಯ ಅಂಚನ್ನು ಅದಕ್ಕೆ ತಾಗಿಸಿದರೆ ಸರಿಹೋಗುತ್ತದೆ.

‘ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಎತ್ತರ ಬದಲಿಸಿದರೆ ಇಡೀ ಮನೆ ಬದಲಾಗುತ್ತದೆ’ ಎಂಬುದು ತಪ್ಪು. ಅದು ಮುಂದೆ ಎಳೆಯುವ ಗೋಡೆಗಳಿಗೆ ಮಾತ್ರ ಅನ್ವಯ.

ನಾವು ಹೆಚ್ಚು ಎಚ್ಚರಿಸಬೇಕಾದ ವಿಷಯ ಬೇರೆ ಇದೆ. ಫ್ರಾನ್ಸ್ ಮೂಲದ ಈ ತಂತ್ರಾಂಶ ತಾನಾಗಿ ಕೊಡುವ ಎತ್ತರ 250 ಸೆಂ.ಮೀ., ಅಂದರೆ ಸುಮಾರು 8 ಅಡಿ 2 ಇಂಚು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಸುಮಾರು 9 ಅಡಿ ಬೇಕು, ಎ.ಸಿ. ಕೋಣೆಗಾದರೆ 2.4 ಮೀಟರ್. ಅಳತೆ ನೆಲದಿಂದ ಚಾವಣಿಯ ಅತಿ ತಗ್ಗಿನ ಭಾಗದವರೆಗೆ. ಫಾಲ್ಸ್ ಸೀಲಿಂಗ್ ಹಾಕಿಸುವವರು ಇದನ್ನು ಮರೆಯುವುದೇ ಹೆಚ್ಚು. ಹಾಗಾಗಿ ಆ ಚಂದದ ಚಿತ್ರವನ್ನು ಮೇಸ್ತ್ರಿಗೆ ಫಾರ್ವರ್ಡ್ ಮಾಡುವ ಮುನ್ನ ಒಂದೊಂದೇ ಗೋಡೆಯ ಮೇಲೆ ಡಬಲ್ ಕ್ಲಿಕ್ ಮಾಡಿ, ಅಲ್ಲಿರುವ ಸಂಖ್ಯೆ ಓದಿ.