ಆಟಗಾರರ ವಿನಿಮಯದ ಮೌಲ್ಯಮಾಪನ (ಬೇಸ್‌ಬಾಲ್)

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡಗಳು ಆಟಗಾರರನ್ನು ಬದಲಾಯಿಸಿಕೊಳ್ಳುವ ಒಪ್ಪಂದಗಳನ್ನು ಎರಡು ಬಗೆಯಲ್ಲಿ ಅಳೆಯಬಹುದು: ಅಂದು ತಿಳಿದಿದ್ದ ಸಂಗತಿಗಳಿಂದ, ಇಲ್ಲವೇ ಮುಂದೆ ಬಂದ ಫಲದಿಂದ. ಇವೆರಡನ್ನೂ ಬೆರೆಸಬಾರದೆಂಬುದಕ್ಕೆ 1987ರ ಆಗಸ್ಟ್‌ನ ವಿನಿಮಯವೊಂದು ನಿದರ್ಶನ. ಡೆಟ್ರಾಯಿಟ್ ಟೈಗರ್ಸ್ ತಂಡವು 36 ವರ್ಷದ ಪಿಚರ್ (ಚೆಂಡೆಸೆಯುವ ಆಟಗಾರ) ಡಾಯ್ಲ್ ಅಲೆಕ್ಸಾಂಡರ್ ಅವರನ್ನು ಪಡೆಯಲು 20 ವರ್ಷದ ಪಿಚರ್ ಜಾನ್ ಸ್ಮೋಲ್ಟ್ಸ್ ಅವರನ್ನು ಅಟ್ಲಾಂಟಾ ಬ್ರೇವ್ಸ್‌ಗೆ ಬಿಟ್ಟುಕೊಟ್ಟಿತು. ಉಳಿದ ಋತುವಿನಲ್ಲಿ ಅಲೆಕ್ಸಾಂಡರ್ ಒಂದೂ ಸೋಲಿಲ್ಲದೆ 9 ಗೆಲುವು ಗಳಿಸಿದರು. ಟೈಗರ್ಸ್ ಕೇವಲ 2 ಪಂದ್ಯಗಳ ಅಂತರದಲ್ಲಿ ಟೊರಾಂಟೊ ತಂಡವನ್ನು ಹಿಂದಿಕ್ಕಿ ವಿಭಾಗದ ಅಗ್ರಸ್ಥಾನ ಪಡೆಯಿತು. ಸ್ಮೋಲ್ಟ್ಸ್ ಮುಂದೆ 213 ಗೆಲುವು, 154 ಸೇವ್‌ಗಳನ್ನು (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಯ್ದ ಪಂದ್ಯಗಳು) ಗಳಿಸಿ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಫಲವನ್ನಷ್ಟೇ ನೋಡಿದರೆ ಡೆಟ್ರಾಯಿಟ್ ಎಡವಿತು. ಆದರೆ ಆ ವರ್ಷ ಕೆಳಹಂತದ ಲೀಗ್‌ನಲ್ಲಿ ಸ್ಮೋಲ್ಟ್ಸ್ 4 ಪಂದ್ಯ ಗೆದ್ದು 10 ಸೋತಿದ್ದರು. ಡೆಟ್ರಾಯಿಟ್‌ಗೆ ವಿಭಾಗದ ಪ್ರಶಸ್ತಿಯೋ ಕೈಗೆಟುಕುವಷ್ಟು ಹತ್ತಿರವಿತ್ತು. ಹಾಗಾಗಿ ಅಂದು ತಿಳಿದಿದ್ದಷ್ಟರಲ್ಲಿ ಈ ವಿನಿಮಯ ಸಮಂಜಸವೇ ಆಗಿತ್ತು. ಅಡಗಿದ ಪ್ರತಿಭೆಯನ್ನು ಗುರುತಿಸುವುದೇ ಆಡಳಿತದ ಕೆಲಸವಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಯಾವುದೇ ಒಂದು ಫಲದಲ್ಲಿ ತರಬೇತಿ, ಗಾಯ, ಅದೃಷ್ಟಗಳ ಪಾಲೂ ಇರುತ್ತದೆ. ಆದ್ದರಿಂದ ಒಂದು ನಿರ್ಧಾರವನ್ನು ಅಂದಿನ ತಿಳಿವಳಿಕೆಯಿಂದ, ಆಡಳಿತದ ಸಾಮರ್ಥ್ಯವನ್ನು ಹಲವು ವಿನಿಮಯಗಳ ಒಟ್ಟು ಫಲದಿಂದ ಅಳೆಯುವುದೇ ನ್ಯಾಯ.